ಗೊಂಬಿ ಯಾಕ ಏಳ್ತದ?

ಕಸ್ತೂರಿ ನಿವಾಸದ ಗೊಂಬಿ ಹಾಡು ನಂಗ ಭಾಳ ಸೇರ್ತದ. ಇದು ನಮ್ಮ ಓಣ್ಯಾಗ ಎಲ್ಲಾರಿಗೂ ಗೊತ್ತದ, ಬಳಗದಾಗಂತೂ ಕೇಳೋದ ಬ್ಯಾಡ. ಭಾಂಡಿ ತಿಕ್ಕುವಾಗ ಅದೇ ಹಾಡು, ಶೇಂಗಾ ಹುರಿಯುವಾಗ ಅದೇ ಹಾಡು, ಯಾರರೆ ಅರಿಶಿಣ-ಕುಂಕುಮಕ್ಕ ಕರದು 'ಒಂದ ಹಾಡು ಹೇಳ್ರಿ ವೈನಿ' ಅಂದ್ರೂ ಅದೇ ಹಾಡು. ದೇವರ ನಾಮ ಹೇಳೋದು ಬಿಟ್ಟು ಸಿನಿಮಾ ಹಾಡು ಹೇಳ್ತಾಳ ನೋಡು ಅಂತ ಒಂದಿಬ್ಬರು ಮೂಗು ಮುರದಾರ. ಮುರೀಲಿ ಬಿಡ್ರಿ. ದಾಸರ ಪದಾನೂ ಹಾಡ್ತೀನಿ, ಗೊಂಬಿ ಹಾಡೂ ಹಾಡ್ತೀನಿ. ಕಂಠ ಒಂದೇ, ಬಾಯಿ ಒಂದೇ.

ಆದ್ರ ಇವತ್ತ ನಾ ಹೇಳ್ಲಿಕ್ಕೆ ಹೊಂಟಿದ್ದು ಆ ಹಾಡಿನ ರಾಗದ ಸುದ್ದಿ ಅಲ್ಲ. ಅದನ್ನ ನಮ್ಮ ಹೆಣ್ಣಮಕ್ಕಳ ಕಿವ್ಯಾಗ ಹಾಕಿ ಮಂದಿ ಏನ ಕಲಿಸ್ತಾರ ಅನ್ನೋ ಸುದ್ದಿ. 'ನೋಡವಾ, ಆ ಗೊಂಬಿ ಹಂಗ ಇರಬೇಕು, ಎಷ್ಟ ಸಲ ಕೆಡವಿದ್ರೂ ನಗಕೋತ ಏಳಬೇಕು' ಅಂತ ಹೇಳ್ತಾರಲ್ಲ, ಆ ಮಾತು ನಂಗ ಸೇರಂಗಿಲ್ಲ. ಹಾಡು ಇಷ್ಟ, ಆ ಮಾತು ಇಷ್ಟಿಲ್ಲ. ಯಾಕಂತ ತುಸು ಕೂತು ಕೇಳ್ರಿ. ಕುಕ್ಕರ್ ಇಟ್ಟಿದ್ರ ಮೊದಲ ಬಂದ್ ಮಾಡಿ ಬರ್ರಿ.

ಸಣ್ಣವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕ ಹೇಳ್ತೀನಿ. ಕಸ್ತೂರಿ ನಿವಾಸ ಬಂದಿದ್ದು 1971ರಾಗ. ದೊರೈ-ಭಗವಾನ್ ಇಬ್ಬರೂ ಕೂಡಿ ನಿರ್ದೇಶನ ಮಾಡಿದ ಸಿನಿಮಾ. ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಹಾಡು ಬರದವರು ಚಿ. ಉದಯಶಂಕರ್, ಹಾಡಿದವರು ಪಿ.ಬಿ. ಶ್ರೀನಿವಾಸ್. ಆವಾಗ ರಾಜಕುಮಾರ್ ಅಂದ್ರ ತೆರಿ ಮ್ಯಾಲೆ ಅವರ ಮಾರಿ, ಹಾಡಿಗೆ ಪಿ.ಬಿ.ಎಸ್ ಅವರ ದನಿ. ರಾಜಕುಮಾರ್ ತಮ್ಮ ಹಾಡು ತಾವೇ ಖಾಯಂ ಹಾಡ್ಲಿಕ್ಕೆ ಹತ್ತಿದ್ದು 1974ರ ಸಂಪತ್ತಿಗೆ ಸವಾಲ್ ಆದ ಮ್ಯಾಲೆ. ಪಿ.ಬಿ.ಎಸ್ ಅವರ ದನಿ ಹೆಂಗಂದ್ರ ಹೆರತ ತುಪ್ಪ ಬಿಸಿ ಅನ್ನದ ಮ್ಯಾಲೆ ಕರಗಿಧಂಗ. ಅವರು ದುಃಖದ ಹಾಡು ಹಾಡಿದ್ರೂ ಒದರಂಗಿಲ್ಲ, ಖುಷಿ ಹಾಡು ಹಾಡಿದ್ರೂ ಕುಣಿಯಂಗಿಲ್ಲ. ಅದಕ್ಕ ಕೆಲಸಾ ಮಾಡಕೋತ ಹಾಡ್ಲಿಕ್ಕೆ ಅವರ ಹಾಡು ಛೊಲೋ, ಉಸರ ಹತ್ತಂಗಿಲ್ಲ.

ಕಥಿ ಏನಂದ್ರ, ರವಿವರ್ಮ ಅಂತ ಒಬ್ಬ ಶ್ರೀಮಂತ. ಕಡ್ಡಿಪೆಟ್ಟಿಗಿ ಕಾರ್ಖಾನಿ ಮಾಲಕ. ಕಸ್ತೂರಿ ನಿವಾಸ ಅಂಬೋದು ಅವನ ಮನಿ. ಕೇಳಿದವರಿಗೆ ಇಲ್ಲ ಅನ್ನೋ ಮಾತೇ ಅವನ ಬಾಯಾಗ ಬರಂಗಿಲ್ಲ. ಅವನ ಕೈಯಾಗ ಕೆಲಸಕ್ಕಿದ್ದಾಂವನೇ ಮುಂದ ದೊಡ್ಡಾಂವ ಆಗ್ತಾನ, ಇಂವ ಇದ್ದದ್ದೆಲ್ಲಾ ಕಳಕೋತಾನ. ಕಡೀಕ ಮನಿಗೆ ಬಂದ ಅತಿಥಿಗೆ ಉಣಿಸ್ಲಿಕ್ಕೆ ಏನೂ ಉಳದಿರಂಗಿಲ್ಲ, ಆ ಊಟದ ಸಲುವಾಗಿ ತಾ ಜೀವದಂಗ ಸಾಕಿದ ಪಾರಿವಾಳಾನೇ ಕಳಕೋತಾನ. ಉಂಡಾದ ಮ್ಯಾಲೆ ಗೊತ್ತಾಗ್ತದ, ಆ ಹೆಣ್ಣಮಗಳು ಬಂದಿದ್ದ ಆ ಪಾರಿವಾಳ ಕೇಳ್ಲಿಕ್ಕಂತ, ತನ್ನ ಕೂಸಿಗೆ ಬೇಕಂತ. ಜೀವನದಾಗ ಮೊದಲನೇ ಸಲ ಕೇಳಿದ್ದು ಕೊಡ್ಲಿಕ್ಕೆ ಆಗಲಿಲ್ಲಂತ ಅಂವ ಅಲ್ಲೇ ಜೀವಾ ಬಿಡ್ತಾನ. ಸಿನಿಮಾ ಮುಂದ ತಮಿಳಿನಾಗ ಶಿವಾಜಿ ಗಣೇಶನ್ ಮಾಡಿದ್ರು. ಕನ್ನಡದ್ದಕ್ಕ 2014ರಾಗ ಬಣ್ಣ ಹಾಕಿ ಹೊಳ್ಳಿ ಬಿಡುಗಡಿ ಮಾಡಿದ್ರು. ಆವಾಗ ನಾವು ಐದು ಮಂದಿ ಹೆಣ್ಣಮಕ್ಕಳು ಕೂಡಿ ಹುಬ್ಬಳ್ಳಿಗೆ ಹೋಗಿ ನೋಡಿ ಬಂದ್ವಿ. ಐದೂ ಮಂದಿ ಸೆರಗು ತೊಯ್ಸಿಕೊಂಡ ಹೊರಗ ಬಂದಿದ್ದು.

ಗೊಂಬಿ ಹಾಡು ಬರೋದು ಕಥಿಯೊಳಗ ಒಳ್ಳೇ ದಿನ ನಡದಿದ್ದಾಗ. ಕೆಡವಿದ್ರ ಹೊಳ್ಳಿ ಎದ್ದು ನಿಂದ್ರೋ ಗೊಂಬಿ ಅದಲ್ಲ, ಅದನ್ನ ಆಡಿಸಿಕೋತ ಹಾಡ್ತಾರ. ಅದೇ ಧಾಟಿ ಮುಂದ ದುಃಖದ ವ್ಯಾಳ್ಯಾದಾಗೂ ಬರ್ತದ. ಉದಯಶಂಕರ್ ಅವರು ರವಿವರ್ಮನ ಸಲುವಾಗಿ ಬರದ ಹಾಡು ಅದು. ಸಂಪತ್ತು ಇದ್ರೂ ಹೋದ್ರೂ ಮನಷ್ಯಾ ತನ್ನ ಘನತಿ ಬಿಡಬಾರದು ಅಂತ ಅದರ ತಾತ್ಪರ್ಯ. ಅದು ಖರೇನೂ ಅದ, ಛಂದನೂ ಅದ. ಅದಕ್ಕ ನಂದೇನೂ ತಕರಾರಿಲ್ಲ.

ತಕರಾರು ಶುರು ಆಗೋದು ಹಾಡು ಸಿನಿಮಾ ಬಿಟ್ಟು ಮದವಿ ಮಂಟಪಕ್ಕ ಬಂದಾಗ. ಮಗಳನ್ನ ಕಳಸೋ ಮುಂದ ಯಾರರೆ ಒಬ್ಬರು ಹಿರೇರು, ಬಾಯಾಗ ಎಲಿ-ಅಡಿಕಿ ಇಟಗೊಂಡು, ಇದೇ ಗೊಂಬಿ ಉದಾಹರಣೆ ಕೊಡ್ತಾರ. ಮಾರ್ಚ್ 8ಕ್ಕ ಮಹಿಳಾ ದಿನಾಚರಣೆ ಅಂತ ಕರದು ಸನ್ಮಾನ ಮಾಡ್ತಾರಲ್ಲ, ಅಲ್ಲೂ ಭಾಷಣದಾಗ ಇದೇ ಗೊಂಬಿ. ಫೋನಿಗೆ ಬರೋ ಶುಭೋದಯದ ಚಿತ್ರದಾಗೂ ಇದೇ ಗೊಂಬಿ, ಬಾಜೂಕ ಒಂದ ಗುಲಾಬಿ ಹೂವು. ಹೆಣ್ಣು ಅಂದ್ರ ಸಹನಾ, ಹೆಣ್ಣು ಅಂದ್ರ ನಗು, ಎಷ್ಟ ಕೆಡವಿದ್ರೂ ಏಳ್ತಾಳ. ಕೇಳಿದವರು ಚಪ್ಪಾಳಿ ತಟ್ಟತಾರ. ಗಂಡಸರಿಗೆ ಈ ಗೊಂಬಿ ಉದಾಹರಣೆ ಕೊಟ್ಟಿದ್ದು ನಾ ಇನ್ನೂ ಒಂದೂ ಮದವ್ಯಾಗ ಕೇಳಿಲ್ಲ. ನೀವ ಕೇಳಿದ್ರ ಹೇಳ್ರಿ. ಸಿನಿಮಾದಾಗ ನೋಡಿದ್ರ ಆ ಹಾಡು ಗಂಡಸಿನದೇ, ಆದ್ರ ಉಪದೇಶಕ್ಕ ಬಂದ್ರ ಹೆಂಗಸರದು ಆಗಿಬಿಡ್ತದ.

ನಮ್ಮ ಬಳಗದಾಗಿನ ಒಂದ ಹುಡುಗಿ ಸುದ್ದಿ ಹೇಳ್ತೀನಿ. ಅಕಿನ್ನ ಕೇಳಿ, ಅಕಿ ಹೂಂ ಅಂದ ಮ್ಯಾಲೇ ಬರಿಲಿಕ್ಕೆ ಹತ್ತೀನಿ, ಅದಕ್ಕ ಯಾರು ಯಾರ ಮಗಳು ಅಂತ ಮತ್ತ ನಂಗ ಫೋನ್ ಮಾಡಿ ಕೇಳಬ್ಯಾಡ್ರಿ. ಮದವಿ ಆಗಿ ಬ್ಯಾರೆ ಊರಿಗೆ ಹೋದ್ಲು. ಓದಿದಾಕಿ, ನೌಕರಿನೂ ಇತ್ತು. ವಾರಕ್ಕೆರಡು ಸಲ ಫೋನು, 'ಆರಾಮ ಇದ್ದೀನಿ' ಅಂತ ನಗು. ವಿಡಿಯೋ ಕಾಲ್ ಹಚ್ಚಿದ್ರೂ ನಗು. ಅವರ ಅವ್ವ ಎಲ್ಲಾರ ಮುಂದ ಹೇಳ್ತಿದ್ಲು, ನಮ್ಮ ಹುಡುಗಿ ಗೊಂಬಿ ಇದ್ದಂಗ, ಏನೂ ಮನಸಿಗೆ ಹಚಗೊಳ್ಳಂಗಿಲ್ಲ ಅಂತ. ಹನ್ನೊಂದ ತಿಂಗಳಿಗೆ ನಾಗರ ಪಂಚಮಿಗೆ ಕರಕೊಂಡ ಬಂದಾಗ ನೋಡಿದ್ರ ಬಳಿ ಕೈಯಾಗ ನಿಲ್ಲವಲ್ದು. ತೂಕ ಮಾಡಿಸಿದ್ರ ನಲವತ್ತೊಂದ ಕಿಲೋ.

ಆಮ್ಯಾಲೆ ಒಂದೊಂದ ಹೊರಗ ಬಂತು. ಹೊಡದಿಲ್ಲ, ಬಡದಿಲ್ಲ, ದೊಡ್ಡ ದನೀಲೆ ಬೈದೂ ಇಲ್ಲ. ಪಗಾರ ಅಕಿ ಹೆಸರಿನ ಖಾತೇಕ್ಕ ಬೀಳ್ತಿತ್ತು, ಎಟಿಎಂ ಕಾರ್ಡು ಮಾತ್ರ ಅಕಿ ಕೈಯಾಗಿರಲಿಲ್ಲ. 'ಮನೀದೆಲ್ಲಾ ಒಂದೇ ಕಡೆ ಇರಲಿ' ಅಂತ ಮೊದಲನೇ ತಿಂಗಳ ಇಸಗೊಂಡಿದ್ದು ಹೊಳ್ಳಿ ಬರಲಿಲ್ಲ. ಆಫೀಸಿಗೆ ಹೋಗೋ ಬಸ್ಸಿನ ರೊಕ್ಕ ಎಣಿಸಿ ಕೊಡೋರು. ಮಧ್ಯಾಹ್ನ ಜೋಡಿದಾರ ಹುಡುಗ್ಯಾರು ಚಹಾಕ್ಕ ಕರದ್ರ ನಂಗ ಆಸಿಡಿಟಿ ಅಂತ ಹೇಳಿ ಕೂಡೋದು. ಮುಂಜಾನೆ ಎಲ್ಲಾರ ಡಬ್ಬಿ ಕಟ್ಟಿ, ಉಳದಿದ್ರ ತಾ ಉಂಡು, ಇಲ್ಲಾಂದ್ರ ಹಂಗೇ ಹೋಗೋದು. ಮತ್ತ ಫೋನಿನ್ಯಾಗ ನಗು ಯಾಕಿತ್ತು ಅಂತ ಕೇಳಿದೆ. ಅದಕ್ಕ ಅಕಿ ಅಂದ ಮಾತು ಇನ್ನೂ ನನ್ನ ಕಿವ್ಯಾಗದ. 'ಏಳಬೇಕು ಅಂತ ಎಲ್ಲಾರೂ ಹೇಳಿ ಕಳಿಸಿದ್ರಿ ಮೌಶಿ, ಹೆಂಗ ಏಳೋದು ಅಂತ ಯಾರೂ ಹೇಳಿರಲಿಲ್ಲ. ನಗೋದೊಂದ ಗೊತ್ತಿತ್ತು, ಅದನ್ನ ಮಾಡಿದೆ.'

ಹೌದಲ್ಲೋ. ಹೆಂಗ ಏಳ್ತದ ಆ ಗೊಂಬಿ?

ಅಡಿಗಿ ಮನ್ಯಾಗ ಕೂತು ಇದನ್ನ ತಿಳಕೊಳ್ಳಲಿಕ್ಕೆ ಸೈನ್ಸ್ ಕಾಲೇಜು ಬೇಕಾಗಿಲ್ಲ. ತಂಜಾವೂರಾಗ ಇಂಥಾ ಗೊಂಬಿ ಮಾಡ್ತಾರ. ರಾಮೇಶ್ವರಕ್ಕ ಹೋದವರು ದಾರ್‍ಯಾಗ ಬೃಹದೀಶ್ವರ ಗುಡಿ ನೋಡಿ, ಹೊರಗ ಅಂಗಡ್ಯಾಗ ಒಂದ ರಾಜಾ, ಒಂದ ರಾಣಿ ತೊಗೊಂಡ ಬರ್ತಾರಲ್ಲ, ಅವೇ. ಮ್ಯಾಲಿನ ಭಾಗ ಕಾಗದದ ರಬಡಿದು, ಹಗುರ. ಕೆಳಗ ತಳಾ ದುಂಡಗ, ಮಣ್ಣಿಂದು, ಭಾರ. ಆಮ್ಯಾಲೆ ಮ್ಯಾಲೆ ಬಣ್ಣ ಹಚ್ಚಿ ಕಣ್ಣು, ಮೀಸಿ, ನಗು ಬರೀತಾರ. ನಾವು ತಳ್ಳಿದಾಗ ಗೊಂಬಿ ವಾಲ್ತದ, ಅದರ ಜೋಡಿ ದುಂಡನ್ನ ತಳಾನೂ ಉರುಳ್ತದ. ಆದ್ರ ತಳದಾಗಿನ ಭಾರ ಕೆಳಗ ತನ್ನ ಜಾಗಾಕ್ಕೇ ಹೋಗ್ಲಿಕ್ಕೆ ನೋಡ್ತದ. ಅದು ಎಳದಾಗ ಮ್ಯಾಲಿನ ಹಗುರ ಭಾಗ ತಾನೇ ನೆಟ್ಟಗ ಆಗ್ತದ. ಇಷ್ಟೇ ಅದರ ಗುಟ್ಟು.

ನಂಬಿಕಿ ಬರಲಿಲ್ಲಂದ್ರ ಸೂಟ್ಯಾಗ ಹುಡುಗರನ್ನ ಕೂಡಿಸಿಕೊಂಡು ಮಾಡಿ ನೋಡ್ರಿ. ಟೆಂಗಿನಕಾಯಿ ಅರ್ಧ ಪರಟಿ ತೊಗೊಂಡು ತಳದಾಗ ಹಸಿ ಮಣ್ಣು ಗಿಚ್ಚಿ ತುಂಬ್ರಿ. ಮ್ಯಾಲೆ ಕಾಗದದ್ದು ಒಂದ ಕುಂಚಿಗಿ ಮಾಡಿ ಅಂಟಿಸಿ, ಮಾರಿ ಬರೀರಿ. ಎಷ್ಟ ತಳ್ಳಿದ್ರೂ ಏಳ್ತದ. ಆಮ್ಯಾಲೆ ಮಣ್ಣು ತಗದು ಅದೇ ಮಣ್ಣಿನ ಉಂಡಿ ಮಾಡಿ ಕುಂಚಿಗಿ ತುದಿಗೆ ಹಚ್ಚಿ ನೋಡ್ರಿ. ಧಡಕ್ಕನ ಬೀಳ್ತದ, ಏಳಂಗಿಲ್ಲ. ಮಣ್ಣು ಅಷ್ಟೇ, ಪರಟಿ ಅದೇ, ಮಾರಿ ಮ್ಯಾಲಿನ ನಗೂನೂ ಅದೇ. ಭಾರ ತಳಾ ಬಿಟ್ಟು ತಲಿಗೆ ಏರಿತು ಅನ್ನೋದೊಂದೇ ಫರಕು. ನಾ ಹುಡುಗರಿಗೆ ಇದನ್ನ ಮಾಡಿ ತೋರಿಸಿದಾಗ ನಮ್ಮ ಮೊಮ್ಮಗಳು, ಇನ್ನೂ ಏಳು ವರ್ಷದಾಕಿ, ಅಳೋ ಮಾರಿ ಬರದು ಒಂದ ಗೊಂಬಿ ಮಾಡಿದ್ಲು. ಅದೂ ಎದ್ದೇ ಎದ್ದಿತು! ಆ ಕೂಸಿಗೆ ತಿಳದದ್ದು ಭಾಷಣ ಮಾಡೋರಿಗೆ ತಿಳಿಯವಲ್ದು. ನಗೋದಕ್ಕೂ ಏಳೋದಕ್ಕೂ ಸಂಬಂಧ ಇಲ್ಲ. ನಗು ಬರೇ ಬಣ್ಣ.

ಅದಕ್ಕ ನಾ ಆ ಹಾಡು ಹಾಡುವಾಗ ನನ್ನ ಮನಸಿನ್ಯಾಗ ಬರೋದು ಒಂದೇ ಪ್ರಶ್ನಿ. ನನ್ನ ತಳದಾಗ ಏನದ? ಇದು ನನ್ನ ಅರ್ಥ. ಉದಯಶಂಕರ್ ಅವರ ತಲ್ಯಾಗ ಇದ್ದಿರಲಿಕ್ಕಿಲ್ಲ, ಆದ್ರೂ ಹಾಡಿನೊಳಗಿನ ಆ ಗೊಂಬಿಯೊಳಗಂತೂ ಅದ ನೋಡ್ರಿ.

ತಳದ ಭಾರ ಅಂದ್ರ ಏನು ಅಂತ ನಂಗ ತೋರಿಸಿದಾಕಿ ನಮ್ಮ ಅತ್ಯಾ. ನಮ್ಮ ಅಪ್ಪನ ಅಕ್ಕ. ಧಾರವಾಡ ಆಕಾಶವಾಣಿಯೊಳಗ ಈ ಹಾಡು ಬಂದ್ರ ಬೀಸೋ ಕಲ್ಲು ನಿಲ್ಲಿಸಿ ಕೇಳ್ತಿದ್ಲು. ನಲವತ್ತರೊಳಗ ಗಂಡ ಹೋದ್ರು. ಮೂರು ಮಕ್ಕಳು, ಪಾಲಿನ ಮನ್ಯಾಗ ಒಂದೂವರಿ ಖೋಲಿ. ಮಂದಿ ಬಂದು 'ಗಟ್ಟಿ ಆಗವಾ' ಅಂತ ಹೇಳಿ ಚಹಾ ಕುಡದು ಹೋದ್ರು. ಗಟ್ಟಿ ಆಗು ಅಂದ್ರ ಏನ ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಅತ್ಯಾ ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಕುಟ್ಟಿ ಮಾರಲಿಕ್ಕೆ ಹತ್ತಿದ್ಲು. ಬ್ಯಾಸಗಿ ಒಳಗ ಶಾವಿಗಿ, ಸಂಡಿಗಿ, ಹಪ್ಪಳ. ಬಂದ ರೊಕ್ಕದಾಗ ಒಂದ ಪಾಲು ಪೋಸ್ಟಿನ ಖಾತೇಕ್ಕ, ತನ್ನ ಹೆಸರಿಲೆ. ಆ ಪಾಸ್‌ಬುಕ್ ಅರಿವಿ ಗಂಟಿನ ನಡಕ ಇಡ್ತಿದ್ಲು. ದೊಡ್ಡ ಮಗಾ ನೌಕರಿಗೆ ಹತ್ತಿದ ಮ್ಯಾಲೆ 'ಅವ್ವಾ ಇನ್ನ ಬಿಡು ಈ ಕುಟ್ಟೋದು' ಅಂದಾ. ಅಕಿ ಬಿಡಲಿಲ್ಲ. ಕಡಿಮಿ ಮಾಡಿದ್ಲು, ಬಿಡಲಿಲ್ಲ.

ಅತ್ಯಾ ಏನ ಸದಾ ನಗಕೋತ ಇದ್ದಾಕಿ ಅಲ್ಲ ಮತ್ತ. ಸಿಟ್ಟಿನಾಕಿ. ಸಂಡಿಗಿ ಮ್ಯಾಲೆ ಕಾಗಿ ಕೂತ್ರ ಓಣಿ ಎಲ್ಲಾ ಕೇಳೋ ಹಂಗ ಬೈತಿದ್ಲು. ಅಳೋ ದಿನ ಅಳ್ತಿದ್ಲು, ಬಾಗಲಾ ಹಾಕಿಕೊಂಡು ಅಲ್ಲ, ಪಡಸಾಲ್ಯಾಗ ಕೂತು. ಆದ್ರ ಯಾರ ಬಂದು ಎಷ್ಟ ತಳ್ಳಿದ್ರೂ ಮರುದಿನ ಮುಂಜಾನೆ ಅಕಿ ಒಳ್ಳಿನ ಮುಂದ ಇರ್ತಿದ್ಲು. ಈಗ ಹೇಳ್ರಿ, ಅಕಿನ್ನ ಎಬ್ಬಿಸಿದ್ದು ನಗುವೋ, ಆ ಪಾಸ್‌ಬುಕ್ಕೋ?

ಎಲ್ಲಾರೂ ಚಟ್ನಿ ಮಾರಬೇಕು ಅಂತ ನಾ ಹೇಳ್ತಿಲ್ಲ. ರೊಕ್ಕ ಅಂಬೋದು ಭಾರದಾಗ ಮೊದಲನೇದು, ಅದನ್ನ ಸಣ್ಣದಂತ ಅನ್ನೋರು ರೊಕ್ಕಿಲ್ಲದ ಒಂದ ವಾರ ಕಳದು ನೋಡಲಿ. ಆದ್ರ ಅದೊಂದೇ ಅಲ್ಲ. ನಮ್ಮ ಅತ್ತಿಯವರು ಹಾಸಿಗಿ ಹಿಡದಾಗ ಮೂರು ವರ್ಷ ನಾ ಮನಿ ಬಿಟ್ಟು ಎಲ್ಲೂ ಹೋಗ್ತಿರಲಿಲ್ಲ. ಮಗ್ಗಲಾ ಬದಲಿಸೋದು, ಔಷಧ, ಗಂಜಿ, ರಾತ್ರಿ ಎರಡ ಸಲ ಏಳೋದು. ಮಾಡಿದ್ದಕ್ಕ ಬ್ಯಾಸರಿಲ್ಲ, ಅವರೂ ನನ್ನ ಬಾಣಂತನ ಮಾಡಿದವರೇ. ಆದ್ರ ಗುರುವಾರ ಸಂಜೀಮುಂದ ಐದರಿಂದ ಆರು ಭಜನಾ ಮಂಡಳಿಗೆ ಹೋಗೋದನ್ನ ಮಾತ್ರ ನಾ ಒಂದ ವಾರನೂ ಬಿಡಲಿಲ್ಲ. ಆ ತಾಸು ಮನಿಯವರು ಅವರ ಅವ್ವನ ಹತ್ರ ಕೂಡ್ತಿದ್ರು. ಮೊದಮೊದಲ ಗೊಣಗಿದ್ರು, ಆಮ್ಯಾಲೆ ಗಂಜಿ ಕುಡಿಸೋದು ನನಗಿಂತ ಛೊಲೋ ಕಲ್ತ್ರು. 'ಅತ್ತಿ ಹಂಗ ಮಲಗ್ಯಾರ, ಇಕಿಗೆ ಹಾಡು ಬೇಕಾಗ್ಯದ' ಅಂತ ಅಂದವರೂ ಇದ್ರು. ಆ ಒಂದ ತಾಸು ಇರದಿದ್ರ ಉಳದ ನೂರಾ ಅರವತ್ತೇಳು ತಾಸು ನಾ ಮಾರಿ ಗಂಟ ಹಾಕ್ಕೊಂಡು ಸೇವಾ ಮಾಡ್ತಿದ್ದೆ. ಮುದುಕಿಗೆ ಅದು ತಿಳೀದ ಇರ್ತಿತ್ತೇನು?

ಹಿಂಗ ಒಬ್ಬೊಬ್ಬರ ತಳಾ ಒಂದೊಂದ ಥರಾ. ಒಬ್ಬಾಕಿಗೆ ಹೊಲಿಗಿ ಮಷೀನು. ಒಬ್ಬಾಕಿಗೆ ಸ್ವಸಹಾಯ ಸಂಘದ ವಾರದ ಸಭಾ. ನಮ್ಮ ಬಾಜೂ ಮನಿ ಮಾಮಿಗೆ ಎಪ್ಪತ್ತರೊಳಗೂ ಮುಂಜಾನೆ ಪೇಪರ್ ಪೂರ್ತಿ ಓದೋದು. ಅದಾಗೋ ತನಕ ಅಕಿ ಚಹಾ ಯಾರಿಗೂ ಮಾಡಂಗಿಲ್ಲ. ಒಬ್ಬಾಕಿಗೆ ಮಾತ ಮುಚ್ಚದ ಹೇಳ್ಲಿಕ್ಕೆ ಒಬ್ಬ ಗೆಳತಿ. ಹೊತ್ತಿಗೆ ಸರಿಯಾಗಿ ಊಟಾ, ನಿದ್ದಿ, ವರ್ಷಕ್ಕೊಮ್ಮೆ ರಕ್ತಾ ಚೆಕ್ ಮಾಡಿಸೋದು, ಇವೂ ತಳದ ಭಾರನೇ. ಹಿಮೋಗ್ಲೋಬಿನ್ ಎಂಟಕ್ಕ ಇಳದ ಹೆಣ್ಣಮಗಳಿಗೆ 'ನಗಕೋತ ಏಳವಾ' ಅಂದ್ರ ಕಣ್ಣು ಕತ್ತಲಿ ಬಂದು ಬೀಳ್ತಾಳ ಅಷ್ಟ.

ಇನ್ನ ರವಿವರ್ಮನ ಮಾತಿಗೆ ಬರೋಣ. ಅವನ ಸಲುವಾಗಿ ನಂಗೂ ಕಣ್ಣೀರ ಬರ್ತದ. ಆದ್ರ ಕಣ್ಣೀರ ಒರಸಿಕೊಂಡ ಮ್ಯಾಲೆ ಒಂದ ಮಾತು ಕೇಳಬೇಕು ಅನಸ್ತದ. ಕೊಡೋದು ಅವಗ ಛಂದ ಗೊತ್ತಿತ್ತು, ಇಸಗೊಳ್ಳೋದು ಗೊತ್ತಿತ್ತೇನು? ಮನಿಗೆ ಬಂದಾಕಿ ಪರಕಿ ಏನಲ್ಲ. 'ಇವತ್ತ ಮನ್ಯಾಗ ಏನೂ ಇಲ್ಲವಾ, ನೀರು ಕುಡದ ಹೋಗು' ಅಂದಿದ್ರ ಪಾರಿವಾಳ ಉಳೀತಿತ್ತು, ಕೂಸಿಗೆ ಕೊಡ್ಲಿಕ್ಕೆ ಆಗ್ತಿತ್ತು, ಅವನ ಜೀವಾನೂ ಉಳೀತಿತ್ತು. ಹಂಗಾಗಿದ್ರ ಸಿನಿಮಾ ಆಗ್ತಿರಲಿಲ್ಲ, ಅದು ಬ್ಯಾರೆ ಮಾತು. ಆದ್ರ ನಮ್ಮ ಮನಿ ಸಿನಿಮಾ ಅಲ್ಲಲ್ಲ.

ನಮ್ಮ ಮನ್ಯಾಗ ಎಷ್ಟ ಮಂದಿ ರವಿವರ್ಮರು ಸೀರಿ ಉಟಗೊಂಡ ಅಡ್ಡಾಡ್ತಾರ ನೋಡ್ರಿ! ಬಂದವರಿಗೆಲ್ಲಾ ಬಿಸಿ ಭಕ್ರಿ, ತನಗ ನಿನ್ನಿದು. ಮಕ್ಕಳಿಗೆ ಮಾವಿನ ಹಣ್ಣಿನ ಗಿಣ್ಣಿ, ತನಗ ವಾಟಿ. 'ನಂಗ ವಾಟೀನೇ ಸೇರ್ತದ' ಅಂತ ಬ್ಯಾರೆ ಹೇಳೋದು. ಸೊಸಿ 'ನೀವ ಕೂಡ್ರಿ ಅತ್ತಿ, ನಾ ಮಾಡ್ತೀನಿ' ಅಂದ್ರ 'ಆಗಲಿ ಬಿಡವಾ, ನಂಗೇನ ತ್ರಾಸಿಲ್ಲ' ಅನ್ನೋದು, ರಾತ್ರಿ ಮೊಣಕಾಲಿಗೆ ಎಣ್ಣಿ ಹಚಗೊಂಡು ನರಳೋದು. ಇದು ದೊಡ್ಡ ಗುಣಾ ಅಂತ ನಾ ಒಪ್ಪಂಗಿಲ್ಲ. ಕೈ ಕೊಡ್ತದ, ಖರೇ. ಅದೇ ಕೈ ಒಮ್ಮೊಮ್ಮೆ ಒಡ್ಡಲೂ ಬೇಕು. ನಾವು ಇಸಗೊಳ್ಳದಿದ್ರ ಎದುರಿನವರಿಗೆ ಕೊಡೋ ರೂಢಿ ಹೆಂಗ ಬರಬೇಕು? ಮಕ್ಕಳಿಗೆ ಹಣ್ಣು ಕೊಟ್ಟು ನಾವು ವಾಟಿ ತಿಂದ್ರ ಅವು ಕಲಿಯೋದು ಏನು? ಅವ್ವಗ ವಾಟಿ ಸೇರ್ತದ ಅಂತ.

ಇಷ್ಟ ಬರದ ಮ್ಯಾಲೆ ನಂಗ ಗೊತ್ತು, ನಿಮ್ಮೊಳಗ ಕೆಲವರು ಅಂತೀರಿ, 'ಹಾಡು ಹಾಡಿಧಂಗ ಇರಲಿ ಬಿಡವಾ, ಅದನ್ನ ಬಿಚ್ಚಿ ಹಿಂಜಿ ಯಾಕ ಕೆಡಸ್ತಿ?' ಕೆಡಸಂಗಿಲ್ಲ. ಹಾಡು ಅಂದ್ರ ಇಳಕಲ್ ಸೀರಿ ಇದ್ದಂಗ. ನೇಯ್ದವರು ನೇಯ್ದು ಕೊಟ್ರು. ಅವ್ವ ಉಟ್ಲು, ಮಗಳು ಉಟ್ಲು. ಒಬ್ಬಾಕಿ ಅದನ್ನ ಕೌದಿ ಮಾಡಿ ಮೊಮ್ಮಗನ್ನ ಮಲಗಿಸಿದ್ಲು. ಟೋಪಿ ಸೆರಗು ಮಾತ್ರ ಅದೇ.

ಇನ್ನೊಂದ ಗೊಂಬಿ ಹಾಡಿನ ಗತಿನೇ ನೋಡ್ರಲ್ಲ. 2017ರಾಗ ರಾಜಕುಮಾರ ಅಂತ ಪುನೀತ್ ಅವರ ಸಿನಿಮಾ ಬಂತು. ಅದರಾಗ ಸಂತೋಷ್ ಆನಂದರಾಮ್ ಬರದ, ವಿ. ಹರಿಕೃಷ್ಣ ಸಂಗೀತ ಮಾಡಿದ, ವಿಜಯ್ ಪ್ರಕಾಶ್ ಹಾಡಿದ ಹಾಡು. ಅಪ್ಪನ ಹಳೇ ಗೊಂಬಿನ ನೆನಸಿ ಮಗನ್ನ ಹೊಗಳೋ ಹಾಡು ಅದು. ಆವಾಗ ಕೇಳಿದ್ರ ಖುಷಿ, ಹುಡುಗರು ಗ್ಯಾದರಿಂಗ್‌ನ್ಯಾಗ ಕುಣೀತಿದ್ರು. 2021ರ ಅಕ್ಟೋಬರ್ 29ಕ್ಕ ಪುನೀತ್ ಹೋದ್ರು. ನಲವತ್ತಾರು ವಯಸ್ಸು ಏನ ಹೋಗೋ ವಯಸ್ಸೇನು? ಅವತ್ತಿಂದ ಆ ಹಾಡು ಯಾರಿಗೂ ಮೊದಲಿನಂಗ ಕೇಳಂಗಿಲ್ಲ. ಒಂದ ಅಕ್ಷರ ಬದಲಾಗಿಲ್ಲ, ಒಂದ ಸ್ವರ ಬದಲಾಗಿಲ್ಲ, ಆದ್ರ ಗಣಪತಿ ಪೆಂಡಾಲಿನ್ಯಾಗ ಅದು ಬಂದ್ರ ಗಂಡಸರೂ ಮಾರಿ ತಿರುವಿಕೊಂಡು ಕಣ್ಣು ಒರಸ್ಕೋತಾರ. ಅಪ್ಪನಂಗೇ ಕಣ್ಣು ದಾನಾ ಮಾಡಿ ಹೋದ ಮನಷ್ಯಾ. ಆ ಹಾಡಿನ ಅರ್ಥ ಬದಲಿಸಿದವರು ಯಾರು? ಬರದವರಲ್ಲ, ಹಾಡಿದವರಲ್ಲ. ಕೇಳೋ ನಾವು, ನಮಗ ಆದ ದುಃಖ. ಅಂದ ಮ್ಯಾಲೆ ಅರ್ಥದ ಮ್ಯಾಲೆ ನಮಗೂ ಹಕ್ಕದ.

ಕಡೀ ಮಾತೊಂದದ, ಅದನ್ನ ಹೇಳದ ಬಿಟ್ರ ಇಷ್ಟ ಬರದಿದ್ದು ಅರ್ಧ ಆಗ್ತದ. ಗೊಂಬಿನ್ನ ಯಾರು ಕೆಡವತಾರ? ಎಲ್ಲಾರೂ ಗೊಂಬಿ ಎದ್ದಿದ್ದಕ್ಕ ಚಪ್ಪಾಳಿ ತಟ್ಟತಾರ, ಕೆಡವೋ ಕೈನ್ನ ಯಾರೂ ನೋಡಂಗಿಲ್ಲ. ಆಟಿಗಿ ಗೊಂಬಿಗೆ ಅದು ಸರಿ, ಅದರ ಕೆಲಸಾನೇ ಅದು. ಆದ್ರ ಹುಡುಗಿ ಆಟಿಗಿ ಅಲ್ಲ. ಆ ನಮ್ಮ ಹುಡುಗಿ ವ್ಯವಹಾರದಾಗ ಎರಡೂ ಕಡೆ ಹಿರೇರು ಕೂತ್ರು. ನಾನೂ ಹೋಗಿದ್ದೆ. ದೊಡ್ಡ ಜಗಳ ಏನ ಆಗಲಿಲ್ಲ. ಚಹಾ ಬಂತು, ಅವಲಕ್ಕಿ ಬಂತು, ಆ ಎಟಿಎಂ ಕಾರ್ಡೂ ಟೇಬಲ್ ಮ್ಯಾಲೆ ಬಂತು. ಮನಿ ಖರ್ಚಿಗೆ ತಿಂಗಳಾ ಇಷ್ಟು ಅಂತ ಅಕಿ ತಾನೇ ಹೇಳಿದ್ಲು, ಅವರೂ ಹೂಂ ಅಂದ್ರು. ಈಗ ಅದೇ ಮನ್ಯಾಗೇ ಇದ್ದಾಳ. ಎಲ್ಲಾ ಸರಿ ಹೋಗ್ಯದ ಅಂತ ಹೇಳಂಗಿಲ್ಲ, ಆದ್ರ ಮಧ್ಯಾಹ್ನ ಜೋಡಿದಾರರ ಜೊತಿ ಚಹಾ ಕುಡೀತಾಳ. ತೂಕ ನಲವತ್ತೇಳಕ್ಕ ಬಂದದ. ಫೋನಿನ್ಯಾಗ ನಗೋದು ಕಡಿಮಿ ಆಗ್ಯದ, ಮಾತು ಜಾಸ್ತಿ ಆಗ್ಯದ. ಒಮ್ಮೊಮ್ಮೆ 'ಇವತ್ತ ಮೂಡಿಲ್ಲ ಮೌಶಿ, ನಾಳೆ ಮಾತಾಡೋಣ' ಅಂತ ಖಡಕ್ ಇಡ್ತಾಳ. ನಂಗ ಅದು ಕೇಳಿದ್ರೇ ಸಮಾಧಾನ.

ಅದಕ್ಕ ಮುಂದಿನ ಮದವ್ಯಾಗ ಯಾರರೆ ಎದ್ದು ನಿಂತು ಹುಡುಗಿಗೆ ಗೊಂಬಿ ಉಪದೇಶ ಶುರು ಮಾಡಿದ್ರ, ನೀವ ಬಾಜೂಕ ಕೂತವರು ಮೂರು ಮಾತು ಕೇಳ್ರಿ. ಹುಡುಗಿ ಹೆಸರಿಲೆ ಖಾತೆ ಅದನೋ ಇಲ್ಲೋ? ಅದರ ಕಾರ್ಡು ಯಾರ ಕೈಯಾಗಿರ್ತದ? ವಾರದಾಗ ಅಕಿದು ಅಂತ ಒಂದ ತಾಸು ಎಲ್ಲಿ? ಇವು ಕೇಳಿದ್ರ ಊಟದ ರುಚಿ ಕೆಡ್ತದ ಅಂತಾರ. ಹೋಳಿಗಿ ರುಚಿ ಅಷ್ಟ ಲಗೂನ ಕೆಡಂಗಿಲ್ಲ, ಅಂಜಬ್ಯಾಡ್ರಿ.

ಮತ್ತ ನಿಮಗೂ ಒಂದ ಕೆಲಸಾ ಹಚ್ಚತೀನಿ. ನಿಮ್ಮ ತಳದಾಗ ಏನದ ಅಂತ ಇವತ್ತ ರಾತ್ರಿ ಭಾಂಡಿ ಒರಸುವಾಗ ಒಂದ ಐದು ನಿಮಿಷ ವಿಚಾರ ಮಾಡ್ರಿ. ಏನೂ ನೆನಪಾಗಲಿಲ್ಲಂದ್ರ ಗುರುವಾರ ಸಂಜೀ ಐದಕ್ಕ ಭಜನಾ ಮಂಡಳಿಗೆ ಬರ್ರಿ. ತಾಳಾ ನಾ ಕೊಡ್ತೀನಿ.